ಮರದ ಗಡಿಯಾರಕ್ಕೆ ಹಿತ್ತಾಳೆ ಚಿತ್ತಾರ: ತಗಡು ಕೊಯ್ಯುವ ಕ್ರಮ, ಹಂತ ಹಂತವಾಗಿ

ಮರಗೆಲಸದಲ್ಲಿ ಪಳಗಿದವರೂ ಹಿತ್ತಾಳೆ ತಗಡಿನ ಮುಂದೆ ಕೂತಾಗ ಒಂದೇ ರೀತಿ ಎಡವುತ್ತಾರೆ. ಅರ್ಧ ಗಂಟೆಯಲ್ಲಿ ಐದಾರು ಬ್ಲೇಡ್ ಮುರಿಯುತ್ತವೆ. ಗೆರೆ ಒಂದು ಕಡೆ, ಕೊಯ್ತ ಇನ್ನೊಂದು ಕಡೆ. ಕೊನೆಯ ಗಳಿಗೆಯಲ್ಲಿ ಬಳ್ಳಿಯ ತುದಿ ಬಾಗಿ ಕೈಗೆ ಬರುತ್ತದೆ. ಆಮೇಲೆ ‘ನನ್ನ ಕೈಗೆ ಇದು ಒಗ್ಗಲ್ಲ’ ಎಂದು ಗರಗಸ ಎತ್ತಿಡುತ್ತಾರೆ. ಪಾಪ, ಕೈಯ ತಪ್ಪು ಇದರಲ್ಲಿ ಕಡಿಮೆ. ಯಾವುದನ್ನು ಮೊದಲು ಕೊಯ್ಯಬೇಕು, ಕೊಯ್ಯುವಾಗ ತಗಡಿಗೆ ಆಸರೆ ಎಲ್ಲಿರಬೇಕು ಎಂಬ ಕ್ರಮ ತಪ್ಪಿದರೆ ಎಂಥ ಕೈಯಾದರೂ ಸೋಲುತ್ತದೆ.

ಉದಾಹರಣೆಗೆ ಒಂದು ಕೆಲಸ ಇಟ್ಟುಕೊಳ್ಳೋಣ: ಚೌಕ ಮುಖದ ಮರದ ಗೋಡೆ ಗಡಿಯಾರ, ನಾಲ್ಕು ಮೂಲೆಗೆ ಬಳ್ಳಿ ಕೊರೆದ ನಾಲ್ಕು ಹಿತ್ತಾಳೆ ತುಣುಕು, ನಡುವೆ ಅಂಕಿಗಳನ್ನು ಹೊತ್ತ ಒಂದು ಹಿತ್ತಾಳೆ ಉಂಗುರ. ಎಲ್ಲವೂ ಕೈಗರಗಸದಲ್ಲಿ.

## ಹಂತ 1: ತಗಡು ಆರಿಸುವುದು

ಚಿತ್ತಾರಕ್ಕೆ 0.8ರಿಂದ 1 ಮಿ.ಮೀ. ದಪ್ಪ ಸಾಕು. 0.5 ಮಿ.ಮೀ. ತಗಡು ಕೊಯ್ಯಲು ಸುಲಭ ಎಂದು ತೋರುತ್ತದೆ. ಆದರೆ ಅದು ಬ್ಲೇಡಿನ ಹಲ್ಲಿಗೆ ಸಿಕ್ಕಿ ಮೇಲೆ ಕೆಳಗೆ ಕುಣಿಯುತ್ತದೆ, ಬಳ್ಳಿಯ ಸಣ್ಣ ಭಾಗಗಳು ಅರ ತಾಗಿದರೆ ಬಾಗುತ್ತವೆ. ಉಂಗುರ ದೊಡ್ಡದಾಗಿದ್ದು ಮರದ ಆಸರೆ ಕಡಿಮೆ ಇದ್ದರೆ 1.5 ಮಿ.ಮೀ. ತೆಗೆದುಕೊಳ್ಳಿ.

ದಪ್ಪಕ್ಕಿಂತ ಹೆಚ್ಚಾಗಿ ನೋಡಬೇಕಾದ್ದು ಗಡಸುತನ. ಪೂರ್ತಿ ಮೆದುವಾದ ಹಿತ್ತಾಳೆ ಗರಗಸಕ್ಕೆ ಅಂಟುತ್ತದೆ, ಪುಡಿ ಉದುರುವ ಬದಲು ಹಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಕೊಳ್ಳುವಾಗ ‘ಹಾಫ್ ಹಾರ್ಡ್’, ಅಂದರೆ ಅರೆಗಡಸು, ತಗಡನ್ನೇ ಕೇಳಿ. ಸ್ವಲ್ಪ ಸೀಸ ಬೆರೆಸಿದ ಹಿತ್ತಾಳೆ, ಕೆತ್ತನೆಗೆಂದು ಮಾರುವಂಥದ್ದು, ಇನ್ನೂ ಸಲೀಸು. ಅದರ ಪುಡಿ ಮರಳಿನಂತೆ ಉದುರುತ್ತದೆ. ಆದರೆ ಅದು ಸೀಸ ಸೇರಿದ ಪುಡಿ. ಕೆಲಸದ ನಡುವೆ ತಿನ್ನಬೇಡಿ, ಮುಗಿದ ಮೇಲೆ ಕೈ ತೊಳೆಯಿರಿ, ಪುಡಿಯನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಸುರುಳಿಯಿಂದ ಕತ್ತರಿಸಿದ ತಗಡಾದರೆ ಸ್ವಲ್ಪ ಡೊಂಕು ಇದ್ದೇ ಇರುತ್ತದೆ. ಸಮತಟ್ಟಾದ ಹಲಗೆಯ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಸರಿಮಾಡಿ. ಕಬ್ಬಿಣದ ಸುತ್ತಿಗೆ ಬೇಡ: ಅದು ಬಿದ್ದಲ್ಲಿ ತಗಡು ಹಿಗ್ಗಿ ಡೊಂಕು ಇನ್ನಷ್ಟು ಹೆಚ್ಚುತ್ತದೆ. ಮೇಲೆ ಪ್ಲಾಸ್ಟಿಕ್ ಪೊರೆ ಇದ್ದರೆ ಹಿಂಬದಿಯದನ್ನು ಕೊನೆಯವರೆಗೂ ಕೀಳಬೇಡಿ.

## ಹಂತ 2: ಸಲಕರಣೆ

ಮುಖ್ಯವಾದದ್ದು ಅಕ್ಕಸಾಲಿಗರು ಬಳಸುವ ಸಣ್ಣ ಚೌಕಟ್ಟಿನ ಗರಗಸ. ಅದರ ಬ್ಲೇಡ್‌ಗೆ ನಂಬರ್ ಇರುತ್ತದೆ, ಮತ್ತು ಆ ನಂಬರ್ ಹೊಸಬರನ್ನು ಚೆನ್ನಾಗಿ ಗೊಂದಲ ಮಾಡುತ್ತದೆ. 1, 2, 3 ಎಂದು ಏರಿದಂತೆ ಬ್ಲೇಡ್ ದಪ್ಪ; 2/0, 3/0, 4/0 ಎಂದು ಏರಿದಂತೆ ಸಣ್ಣ. ಆರಿಸಲು ಒಂದೇ ಸೂತ್ರ: ತಗಡಿನ ದಪ್ಪದೊಳಗೆ ಕನಿಷ್ಠ ಎರಡು ಹಲ್ಲು, ಸಾಧ್ಯವಾದರೆ ಮೂರು, ಯಾವಾಗಲೂ ಇರಬೇಕು. 0.8 ಮಿ.ಮೀ. ತಗಡಿಗೆ 4/0, 1 ಮಿ.ಮೀ.ಗೆ 3/0 ಅಥವಾ 2/0, 1.5 ಮಿ.ಮೀ.ಗೆ 1/0 ಅಥವಾ 1 ಹೊಂದುತ್ತದೆ. ‘ದಪ್ಪ ಬ್ಲೇಡ್ ಮುರಿಯಲ್ಲ’ ಎಂದು ತೆಳು ತಗಡಿಗೆ ಅದನ್ನು ಹಾಕಿದರೆ ಎರಡು ಹಲ್ಲಿನ ನಡುವೆ ತಗಡೇ ಸಿಕ್ಕಿಕೊಳ್ಳುತ್ತದೆ, ಆ ದಪ್ಪ ಬ್ಲೇಡೂ ಮುರಿಯುತ್ತದೆ. ಬ್ಲೇಡ್ ಒಂದೊಂದಾಗಿ ಕೊಳ್ಳಬೇಡಿ, ಡಜನ್‌ಗಟ್ಟಲೆ ತನ್ನಿ. ಕಲಿಯುವಾಗ ಮುರಿಯುತ್ತವೆ, ಕಲಿತ ಮೇಲೆ ಮೊಂಡಾಗುತ್ತವೆ, ಎರಡೂ ಖರ್ಚೇ.

ಎರಡನೆಯದು ಬೆಂಚ್ ಪಿನ್: ಮೇಜಿನ ಅಂಚಿಗೆ ಬಿಗಿದ ದಪ್ಪ ಮರದ ಹಲಗೆ, ಅದರ ಮುಂತುದಿಯಲ್ಲಿ ‘ವಿ’ ಆಕಾರದ ಕಚ್ಚು. ಇದನ್ನು ನೀವೇ ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಇದಿಲ್ಲದೆ ತಗಡನ್ನು ವೈಸ್‌ನಲ್ಲಿ ನಿಲ್ಲಿಸಿ ಕೊಯ್ಯಲು ಹೊರಡುವವರೇ ಹೆಚ್ಚು. ಅವರ ತಗಡು ನಡುಗುತ್ತದೆ, ಬ್ಲೇಡ್ ಮುರಿಯುತ್ತದೆ. ತಗಡು ಮಲಗಿರಬೇಕು, ಗರಗಸ ನಿಂತಿರಬೇಕು. ಪಿನ್ನಿನ ಎತ್ತರ ಕೂತಾಗ ಎದೆಯ ಮಟ್ಟಕ್ಕೆ ಬಂದರೆ ಬೆನ್ನೂ ಉಳಿಯುತ್ತದೆ, ಗೆರೆಯೂ ಕಾಣುತ್ತದೆ.

ಉಳಿದವು: ಸೆಂಟರ್ ಪಂಚ್ (ತೂತಿನ ಜಾಗಕ್ಕೆ ಚುಕ್ಕೆ ಕುಟ್ಟುವ ಚೂಪು ಉಕ್ಕಿನ ಕಡ್ಡಿ), 1 ಮಿ.ಮೀ. ಡ್ರಿಲ್ ಬಿಟ್ ನಾಲ್ಕಾರು, ಸಣ್ಣ ಅರಗಳ ಒಂದು ಕಟ್ಟು, ಕೈವಾರ, ಮೂಲೆಮಟ್ಟ, ಜೇನುಮೇಣದ ಉಂಡೆ, ಹಳೆಯ ಪೇಂಟ್ ಬ್ರಷ್, ಕಣ್ಣಿಗೆ ಕನ್ನಡಕ. ಅರಗಳ ವಿಷಯದಲ್ಲಿ ಒಂದು ಮಾತು. ಹಿತ್ತಾಳೆಗೆ ಹೊಸ ಅರವೇ ಬೇಕು. ಉಕ್ಕಿನ ಮೇಲೆ ಸವೆದ ಅರ ಹಿತ್ತಾಳೆಯ ಮೇಲೆ ಜಾರುತ್ತದೆ. ಹೊಸದನ್ನು ಮೊದಲು ಹಿತ್ತಾಳೆಗೆ ಮೀಸಲಿಡಿ, ಅಲ್ಲಿ ಹಳೆಯದಾದ ಮೇಲೆ ಉಕ್ಕಿಗೆ ಕೊಡಿ. ತಿರುಗಾಮುರುಗಾ ಆಗಬಾರದು.

## ಹಂತ 3: ಚಿತ್ರ ಅಂಟಿಸುವುದು

ವಿನ್ಯಾಸವನ್ನು ನಿಜ ಅಳತೆಯಲ್ಲಿ ಮುದ್ರಿಸಿ, ಮುದ್ರಿಸಿದ್ದನ್ನು ಸ್ಕೇಲ್ ಇಟ್ಟು ಅಳೆಯಿರಿ. ಪ್ರಿಂಟರ್ ಕಾಗದಕ್ಕೆ ಹೊಂದಿಸಲು ಸದ್ದಿಲ್ಲದೆ ಚಿತ್ರವನ್ನು ಕುಗ್ಗಿಸಿರುತ್ತದೆ. ಮೂಲೆ ತುಣುಕು 3 ಮಿ.ಮೀ. ಚಿಕ್ಕದಾಗಿದ್ದು ತಿಳಿಯುವುದು ಮರದ ಮೇಲೆ ಇಟ್ಟಾಗ.

ತಗಡಿನ ಮೇಲಿನ ಎಣ್ಣೆಯನ್ನು ಸ್ಪಿರಿಟ್ ಅಥವಾ ಅಸಿಟೋನ್‌ನಿಂದ ಒರೆಸಿ. ಮೇಲ್ಮೈಯನ್ನು 400ರ ಉಪ್ಪುಕಾಗದದಲ್ಲಿ ಒಮ್ಮೆ ಎಳೆದರೆ ಅಂಟಿಗೆ ಹಿಡಿತ ಸಿಗುತ್ತದೆ. ಸ್ಪ್ರೇ ಅಂಟು ಹೊಡೆದು ಕಾಗದ ಒತ್ತಿ, ಒಣಗಲು ಬಿಡಿ. ಕೊಯ್ಯುವಾಗ ಕಾಗದದ ಅಂಚು ಏಳಲು ಶುರುವಾದರೆ ಮುಂದುವರಿಯಬೇಡಿ. ಎದ್ದ ಕಾಗದವನ್ನು ನಂಬಿ ಕೊಯ್ದರೆ ಗೆರೆ ಇದ್ದೂ ಇಲ್ಲದಂತೆ. ಮೇಲೆ ಪಾರದರ್ಶಕ ಟೇಪ್ ಒಂದು ಪದರ ಹಾಕಿದರೆ ಆ ತೊಂದರೆ ಬಹುತೇಕ ಇರುವುದಿಲ್ಲ.

ಚಿತ್ರದಲ್ಲಿ ಎಲ್ಲಾದರೂ ಬಳ್ಳಿಯ ಅಗಲ 1.5 ಮಿ.ಮೀ.ಗಿಂತ ಕಡಿಮೆ ಇದೆಯೇ ನೋಡಿ. ಮೊದಲ ಕೆಲಸವಾದರೆ 2 ಮಿ.ಮೀ.ಗೆ ಅಗಲಿಸಿ. ಕೊಯ್ಯದೆ ಉಳಿಯಬೇಕಾದ ಭಾಗಕ್ಕೂ ತೆಗೆಯಬೇಕಾದ ಭಾಗಕ್ಕೂ ಬಣ್ಣದ ವ್ಯತ್ಯಾಸ ಇರಲಿ. ತೆಗೆಯಬೇಕಾದ್ದಕ್ಕೆ ಕೆಂಪು ಪೆನ್ಸಿಲ್ ತುಂಬಿಸಿ. ಮಕ್ಕಳಾಟದಂತೆ ಕಂಡರೂ ಎರಡು ಗಂಟೆ ಕೊಯ್ದ ಮೇಲೆ ಕಣ್ಣಿಗೆ ಒಳಗು ಹೊರಗು ತಿಳಿಯದಂತಾಗುತ್ತದೆ. ನಾನು ಒಮ್ಮೆ ಎಲೆಯನ್ನೇ ಕೊಯ್ದು ತೆಗೆದು, ಎಲೆಯ ಸುತ್ತಲಿನ ಖಾಲಿಯನ್ನು ಜೋಪಾನವಾಗಿ ಉಳಿಸಿಕೊಂಡಿದ್ದೆ.

## ಹಂತ 4: ತೂತು ಎಲ್ಲವೂ ಈಗಲೇ

ತಗಡು ಇಡಿಯಾಗಿ ಗಟ್ಟಿಯಾಗಿ ಇರುವಾಗಲೇ ಬೇಕಾದ ಎಲ್ಲ ತೂತು ಕೊರೆದುಬಿಡಿ: ಗರಗಸ ತೂರಿಸುವ ತೂತು, ಸ್ಕ್ರೂ ಅಥವಾ ಮೊಳೆಯ ತೂತು. ಬಳ್ಳಿ ಕೊಯ್ದಾದ ಮೇಲೆ ಸ್ಕ್ರೂ ತೂತು ನೆನಪಾದರೆ, ಡ್ರಿಲ್ ಒತ್ತಡಕ್ಕೆ ಆ ನಾಜೂಕಾದ ತುಣುಕು ತಿರುಚಿಕೊಳ್ಳುತ್ತದೆ.

ಪ್ರತಿ ಒಳಖಾಲಿಗೆ, ಅಂದರೆ ಚಿತ್ರದೊಳಗೆ ಕೊಯ್ದು ತೆಗೆಯುವ ಪ್ರತಿ ಭಾಗಕ್ಕೆ, ಒಂದು ತೂತು. ಅದನ್ನು ಖಾಲಿಯ ನಟ್ಟನಡುವೆ ಹಾಕುವ ಅಭ್ಯಾಸ ಬಿಡಿ. ಒಂದು ಮೂಲೆಯ ಹತ್ತಿರ, ಗೆರೆಯಿಂದ 1.5 ಮಿ.ಮೀ. ಒಳಗೆ ಹಾಕಿ. ಗರಗಸ ಹೊರಟ ಜಾಗ ಮತ್ತು ಬಂದು ಸೇರುವ ಜಾಗದಲ್ಲಿ ಸಣ್ಣದೊಂದು ಗುಬುಟು ಉಳಿಯುತ್ತದೆ. ಅದು ಮೂಲೆಯಲ್ಲಿದ್ದರೆ ಕಾಣದು, ನುಣ್ಣನೆಯ ಬಾಗಿನ ನಡುವೆ ಇದ್ದರೆ ಎಷ್ಟು ಅರ ಹಾಕಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಸೆಂಟರ್ ಪಂಚ್‌ನಿಂದ ಹಗುರವಾಗಿ ಗುರುತು ಹೊಡೆದು, ಕೆಳಗೆ ಮರದ ತುಂಡು ಕೊಟ್ಟು, ತಗಡನ್ನು ಕ್ಲ್ಯಾಂಪ್ ಹಾಕಿ ಬಿಗಿದು ಕೊರೆಯಿರಿ. ಕೈಯಲ್ಲಿ ಹಿಡಿದು ಕೊರೆಯಲೇಬೇಡಿ. ಬಿಟ್ ತಗಡಿನ ಆಚೆ ತುದಿ ದಾಟುವ ಕ್ಷಣದಲ್ಲಿ ಹಿತ್ತಾಳೆ ಅದನ್ನು ಕಚ್ಚಿ ಎಳೆದುಕೊಳ್ಳುತ್ತದೆ. ತಗಡು ಮೇಲೇರಿ ಚಕ್ರದಂತೆ ತಿರುಗುತ್ತದೆ. ತಿರುಗುವ ತಗಡೆಂದರೆ ಕತ್ತಿ. ಡ್ರಿಲ್ ಹತ್ತಿರ ಕೈಗವಸೂ ಬೇಡ, ಅದು ಬೆರಳನ್ನೂ ಸೇರಿಸಿ ಎಳೆಯುತ್ತದೆ. 3 ಮಿ.ಮೀ.ಗಿಂತ ದೊಡ್ಡ ಬಿಟ್ ಆದರೆ, ಅದರ ಎರಡೂ ಕೊಯ್ಯುವ ಅಂಚುಗಳ ಮುಖವನ್ನು ಸಾಣೆಕಲ್ಲಿನಲ್ಲಿ ಲಂಬವಾಗಿ ಒಂದೆರಡು ಸಲ ಉಜ್ಜಿ ಚೂಪಿನ ಓರೆಯನ್ನು ಸಣ್ಣಗೆ ಚಪ್ಪಟೆ ಮಾಡಿ. ಕಚ್ಚುವುದು ನಿಲ್ಲುತ್ತದೆ. ಆ ಬಿಟ್‌ಗಳನ್ನು ಹಿತ್ತಾಳೆಗೇ ಬೇರೆ ಇಡಿ.

ಗಡಿಯಾರದ ಯಂತ್ರದ ದಂಡ ಹೊರಬರುವ ನಡುತೂತು ಹಿತ್ತಾಳೆಯ ಮೂಲಕವೇ ಹೋಗುವುದಾದರೆ ಅದಕ್ಕೆ ದೊಡ್ಡ ಬಿಟ್ ಹಾಕಬೇಡಿ. ಸಾಮಾನ್ಯ ಸುರುಳಿ ಬಿಟ್ ತೆಳು ತಗಡಿನಲ್ಲಿ ದುಂಡಗಿನ ತೂತು ಮಾಡದೆ ಮೂರು ಮೂಲೆಯ ತೂತು ಮಾಡುತ್ತದೆ. ಮೆಟ್ಟಿಲು ಬಿಟ್ (ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಶಂಕುವಿನಾಕಾರದ ಬಿಟ್) ಬಳಸಿ, ಇಲ್ಲವೇ ಗರಗಸದಲ್ಲಿ ಕೊಯ್ದು ದುಂಡರದಿಂದ ಹದಕ್ಕೆ ತನ್ನಿ. ಕ್ವಾರ್ಟ್ಜ್ ಯಂತ್ರಗಳಿಗೆ ಸಾಮಾನ್ಯವಾಗಿ 8 ಮಿ.ಮೀ. ತೂತು ಹಿಡಿಸುತ್ತದೆ, ಆದರೂ ನಿಮ್ಮ ಕೈಯಲ್ಲಿರುವ ಯಂತ್ರವನ್ನು ಅಳೆದೇ ಕೊರೆಯಿರಿ.

## ಹಂತ 5: ಬ್ಲೇಡ್ ಬಿಗಿಯುವುದು

ಬ್ಲೇಡ್‌ನ ಹಲ್ಲು ಹಿಡಿಯ ಕಡೆಗೆ, ಅಂದರೆ ಕೆಳಮುಖವಾಗಿ ಇರಬೇಕು; ಹಾಗೆಯೇ ಚೌಕಟ್ಟಿನಿಂದ ಹೊರಮುಖವಾಗಿ. ಕಣ್ಣಿಗೆ ಕಾಣದಿದ್ದರೆ ಬೆರಳನ್ನು ಬ್ಲೇಡ್ ಉದ್ದಕ್ಕೂ ಮೆಲ್ಲಗೆ ಸವರಿ: ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗರ. ಹಿಡಿಯಿಂದ ಮೇಲಕ್ಕೆ ಸವರಿದಾಗ ಗರಗರ ಎನ್ನಬೇಕು. ತಲೆಕೆಳಗಾಗಿ ಹಾಕಿದ ಬ್ಲೇಡ್ ಕೊಯ್ಯುವ ಬದಲು ತಗಡನ್ನು ಎತ್ತಿ ಎತ್ತಿ ಹಾಕುತ್ತದೆ. ಹೀಗಾದರೆ ಬ್ಲೇಡ್ ದೋಷವೆಂದು ಬೈಯುವ ಮೊದಲು ಇದನ್ನು ನೋಡಿ.

ಮೇಲ್ತುದಿಯನ್ನು ಮೊದಲು ಬಿಗಿಯಿರಿ. ಚೌಕಟ್ಟಿನ ಮೂಗನ್ನು ಮೇಜಿನ ಅಂಚಿಗೆ ಒತ್ತಿ, ಹಿಡಿಯನ್ನು ಎದೆಯಿಂದ ತಳ್ಳಿ ಚೌಕಟ್ಟನ್ನು ಸ್ವಲ್ಪ ಬಾಗಿಸಿ, ಹಾಗೆ ಒತ್ತಿ ಹಿಡಿದಿರುವಾಗಲೇ ಕೆಳತುದಿಯ ತಿರುಪು ಬಿಗಿದು ಬಿಡಿ. ಬ್ಲೇಡನ್ನು ಉಗುರಿನಿಂದ ಮೀಟಿ. ತಂಬೂರಿಯ ತಂತಿಯಂತೆ ‘ಟಿಣ್’ ಎನ್ನಬೇಕು. ‘ದಬ್’ ಎಂದರೆ ಸಡಿಲ, ಬಿಚ್ಚಿ ಮತ್ತೆ ಬಿಗಿಯಿರಿ. ಸಡಿಲ ಬ್ಲೇಡ್ ತಗಡಿನ ಕೆಳಗೆ ಬಿಲ್ಲಿನಂತೆ ಬಾಗುತ್ತದೆ. ಮೇಲೆ ಗೆರೆ ಸರಿಯಿದ್ದರೂ ಕೆಳಗೆ ಅದು ಬೇರೆಲ್ಲೋ ಹೋಗಿರುತ್ತದೆ.

ಒಳಖಾಲಿಗೆ ಮೇಲ್ತುದಿ ಬಿಗಿದ ಮೇಲೆ ಬ್ಲೇಡನ್ನು ತೂತಿನ ಮೂಲಕ ತೂರಿಸಿ, ತಗಡನ್ನು ಚೌಕಟ್ಟಿನ ಮೇಲ್ಭಾಗಕ್ಕೆ ಸರಿಸಿ, ಆಮೇಲೆ ಕೆಳಗೆ ಬಿಗಿಯಿರಿ. ಕಾಗದವಿರುವ ಮುಖ ಮೇಲಿರಲಿ. ಇದನ್ನು ಮರೆತು ತಗಡನ್ನು ತಿರುಗಿಸಿ ತೂರಿಸುವುದು ಎಲ್ಲರೂ ಒಮ್ಮೆ ಮಾಡುವ ಕೆಲಸ.

## ಹಂತ 6: ಕೊಯ್ಯುವ ಕ್ರಮ

ಎಲ್ಲಕ್ಕಿಂತ ಹೆಚ್ಚು ತುಣುಕು ಹಾಳಾಗುವುದು ಇಲ್ಲಿ.

ಮೊದಲು ಒಳಗಿನ ಖಾಲಿಗಳು, ಕೊನೆಗೆ ಹೊರಗೆರೆ. ಒಳಗಿನವುಗಳಲ್ಲೂ ಅತಿ ಸಣ್ಣದು ಮೊದಲು, ದೊಡ್ಡದು ಆಮೇಲೆ. ಹೊರಗೆರೆ ಮೊದಲು ಕೊಯ್ದು ಆಕಾರ ನೋಡುವ ಆಸೆ ಎಲ್ಲರಿಗೂ. ಅದು ಕೂತ ಕೊಂಬೆಯನ್ನು ಕಡಿದಂತೆ. ಹೊರಗಿನ ಬೇಡದ ತಗಡೇ ನಿಮಗೆ ಹಿಡಿಯಲು ಜಾಗ, ಬಳ್ಳಿಗೆ ಬಲ. ಆದ್ದರಿಂದ ಶುರುವಿನಲ್ಲಿ ದೊಡ್ಡ ತಗಡಿನಿಂದ ತುಂಡು ಬೇರ್ಪಡಿಸುವಾಗಲೂ ಹೊರಗೆರೆಯ ಸುತ್ತ ಕನಿಷ್ಠ 10 ಮಿ.ಮೀ. ಬಿಡಿ. ಅದಕ್ಕೆ ತಗಡು ಕತ್ತರಿ ಬಳಸಿದರೆ ಕತ್ತರಿಸಿದ ಅಂಚು ಮುರುಟುತ್ತದೆ. ಆ 10 ಮಿ.ಮೀ. ಒಳಗೆ ಅದೂ ಕಳೆದುಹೋಗುತ್ತದೆ.

ಉಂಗುರಕ್ಕೂ ಇದೇ ನಿಯಮ. ಅಂಕಿಗಳ ಖಾಲಿ ಮೊದಲು, ಉಂಗುರದ ಒಳಸುತ್ತು ಆಮೇಲೆ, ಹೊರಸುತ್ತು ಕೊನೆಗೆ.

ಗರಗಸ ಹಿಡಿಯುವ ಕೈ ಸಡಿಲವಾಗಿರಲಿ, ಹಕ್ಕಿಮರಿ ಹಿಡಿದ ಹಾಗೆ. ಬ್ಲೇಡ್ ತಗಡಿಗೆ ನೇರ ಲಂಬ. ಕೆಳಗೆಳೆಯುವಾಗ ಕೊಯ್ಯುತ್ತದೆ, ಮೇಲೆತ್ತುವಾಗ ಬರೀ ವಾಪಸು. ಬ್ಲೇಡ್‌ನ ಉದ್ದವನ್ನೆಲ್ಲ ಬಳಸಿ ನಿಧಾನಕ್ಕೆ ಎಳೆಯಿರಿ. ನಡುವಿನ ಎರಡು ಸೆಂಟಿಮೀಟರಿನಲ್ಲೇ ಗಿಜಿಗಿಜಿ ಆಡಿಸಿದರೆ ಅಷ್ಟೇ ಭಾಗ ಮೊಂಡಾಗಿ ಅಲ್ಲೇ ಮುರಿಯುತ್ತದೆ. ಮುಂದಕ್ಕೆ ತಳ್ಳಬೇಡಿ. ಬ್ಲೇಡ್ ಮುರಿಯುವುದಕ್ಕೆ ಕಾರಣ ಕೇಳಿದರೆ ನೂರಕ್ಕೆ ತೊಂಬತ್ತು ಸಲ ನನ್ನ ಉತ್ತರ ಇದೇ. ಹಲ್ಲು ತಾನೇ ದಾರಿ ಮಾಡಿಕೊಳ್ಳುತ್ತದೆ, ನಿಮ್ಮ ಕೆಲಸ ಅದನ್ನು ಮೇಲೆ ಕೆಳಗೆ ಒಯ್ಯುವುದು ಮಾತ್ರ.

ಬಾಗುಗಳಲ್ಲಿ ಗರಗಸ ತಿರುಗಿಸಬೇಡಿ, ಇನ್ನೊಂದು ಕೈಯಿಂದ ತಗಡನ್ನು ತಿರುಗಿಸಿ. ಚೂಪು ಮೂಲೆ ಬಂದಾಗ ಮುಂದೆ ಹೋಗದೆ ನಿಂತಲ್ಲೇ ಗರಗಸ ಆಡಿಸುತ್ತಾ ತಗಡನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ಬ್ಲೇಡ್ ತನಗೆ ತಿರುಗಲು ಜಾಗ ಮಾಡಿಕೊಂಡ ಮೇಲೆ ಹೊಸ ದಿಕ್ಕಿಗೆ ಹೊರಡಿ. ಎಲೆಯ ತುದಿಯಂಥ ತೀರಾ ಚೂಪಾದ ಒಳಮೂಲೆಗೆ ಬೇರೆ ಉಪಾಯ: ಒಂದು ಬದಿಯಿಂದ ತುದಿಯವರೆಗೆ ಕೊಯ್ದು, ಅದೇ ದಾರಿಯಲ್ಲಿ ಹಿಂದೆ ಬಂದು, ಇನ್ನೊಂದು ಬದಿಯಿಂದ ತುದಿ ಮುಟ್ಟಿ.

ಕೊಯ್ತ ಗೆರೆಯ ಮೇಲೆ ಬೇಡ, ಗೆರೆಯ ಪಕ್ಕ, ಬೇಡದ ಕಡೆ. ಗೆರೆ ಪೂರ್ತಿ ಕಾಣುತ್ತಿರಬೇಕು. ಗೆರೆ ತಪ್ಪಿದರೆ ಒಮ್ಮೆಗೇ ತಿರುಗಿಸಿ ವಾಪಸು ತರಬೇಡಿ, ಅಲ್ಲಿ ಮೆಟ್ಟಿಲಾಗುತ್ತದೆ. ಕೆಲವು ಮಿ.ಮೀ. ಹಿಂದೆ ಹೋಗಿ ಕೊಯ್ತದ ಗೋಡೆಯಿಂದ ಹೊಸದಾಗಿ ಗೆರೆ ಹಿಡಿಯಿರಿ.

ಆಗಾಗ ಬ್ಲೇಡ್‌ನ ಬೆನ್ನಿಗೆ ಜೇನುಮೇಣ ಮುಟ್ಟಿಸಿ. ಹಲ್ಲಿಗೆ ಮೆತ್ತಿದರೆ ಪುಡಿ ಸೇರಿ ಕೆಸರಾಗುತ್ತದೆ. ಗೆರೆಯ ಮೇಲಿನ ಪುಡಿಯನ್ನು ಬ್ರಷ್‌ನಿಂದ ಸರಿಸಿ. ಬಾಯಿಂದ ಊದಿದರೆ ನೇರ ಕಣ್ಣಿಗೆ.

### ಕೈ ನಿಲ್ಲಿಸಬೇಕಾದ ಸೂಚನೆಗಳು

ಗರಗಸ ಹದವಾಗಿ ಹೋಗುವಾಗ ಸಣ್ಣಗೆ ‘ಸರ್ ಸರ್’ ಸದ್ದು. ಅದು ಕಿರುಚಲು ಶುರುವಾದರೆ ಬ್ಲೇಡ್ ಮೊಂಡಾಗಿದೆ ಅಥವಾ ನೀವು ತಳ್ಳುತ್ತಿದ್ದೀರಿ. ಪುಡಿ ಬೀಳುವುದು ಕಡಿಮೆಯಾಗಿ ಕೈಗೆ ಶ್ರಮ ಹೆಚ್ಚಿದರೆ ಮೊಂಡೇ ಖಚಿತ; ಮುರಿಯುವವರೆಗೆ ಕಾಯದೆ ಬದಲಿಸಿ. ಬ್ಲೇಡ್ ಸಿಕ್ಕಿಕೊಂಡರೆ ಎಳೆಯಬೇಡಿ. ತಗಡನ್ನು ಬಿಟ್ಟುಬಿಡಿ, ಅದು ತಾನೇ ತಿರುಗಿ ಬ್ಲೇಡ್‌ಗೆ ನೇರವಾಗಿ ನಿಲ್ಲುತ್ತದೆ, ಆಮೇಲೆ ಮೆಲ್ಲಗೆ ಬಿಡಿಸಿ. ತಗಡನ್ನು ಮಗುಚಿ ನೋಡಿದಾಗ ಹಿಂಬದಿಯ ಖಾಲಿ ಮುಂಬದಿಗಿಂತ ಚಿಕ್ಕದು ಅಥವಾ ದೊಡ್ಡದು ಕಂಡರೆ ಗರಗಸ ವಾಲುತ್ತಿದೆ. ಮೊದಲ ಖಾಲಿ ಮುಗಿದ ಕೂಡಲೇ ಇದನ್ನು ನೋಡಿ, ಹತ್ತನೆಯದು ಮುಗಿದ ಮೇಲಲ್ಲ. ಇನ್ನೊಂದು ಸೂಚನೆ ನಿಮ್ಮ ಹಲ್ಲುಗಳು: ಕಚ್ಚಿ ಹಿಡಿದಿದ್ದರೆ ಎದ್ದು ಒಂದು ಸುತ್ತು ಹಾಕಿ ಬನ್ನಿ.

## ಹಂತ 7: ನಾಲ್ಕು ಮೂಲೆ ಒಂದೇ ಥರ ಬೇಕಾದರೆ

ನಾಲ್ಕನ್ನು ಬೇರೆ ಬೇರೆ ಕೊಯ್ದರೆ ನಾಲ್ಕು ಅಣ್ಣತಮ್ಮಂದಿರಾಗುತ್ತವೆ, ಅವಳಿಗಳಾಗುವುದಿಲ್ಲ. 0.8 ಮಿ.ಮೀ. ತಗಡು ಎರಡನ್ನು ತೆಳುವಾದ ಎರಡು ಬದಿಯ ಟೇಪ್‌ನಿಂದ ಜೋಡಿಸಿ ಒಟ್ಟಿಗೆ ಕೊಯ್ಯಿರಿ. ಒಟ್ಟು 1.6 ಮಿ.ಮೀ. ಆಗುವುದರಿಂದ ಬ್ಲೇಡ್ 1/0 ಅಥವಾ 1 ಹಾಕಿ. ನಾಲ್ಕನ್ನೂ ಒಟ್ಟು ಸೇರಿಸುವ ದುರಾಸೆ ಬೇಡ. ದಪ್ಪ ಹೆಚ್ಚಿದಷ್ಟೂ ವಾಲಿಕೆ ಹೆಚ್ಚು ಕಾಣುತ್ತದೆ. ಬಿಡಿಸುವಾಗ ಚಾಕು ತೂರಿಸಿ ಮೀಟಿದರೆ ಬಳ್ಳಿ ಬಾಗುತ್ತದೆ. ಅಸಿಟೋನ್‌ನಲ್ಲಿ, ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ, ನೆನೆಹಾಕಿ. ತಾವಾಗಿ ಸರಿಯುತ್ತವೆ.

ಜೋಡಿಯಲ್ಲಿ ಒಂದರ ಹಿಂಬದಿಯನ್ನು ಮುಂದೆ ಮಾಡಿದರೆ ಎಡ-ಬಲ ಕನ್ನಡಿ ಪ್ರತಿಬಿಂಬ ಪುಕ್ಕಟೆ ಸಿಗುತ್ತದೆ ಎನ್ನುವುದೂ ನೆನಪಿರಲಿ.

## ಹಂತ 8: ಅರ ಹಾಕುವುದು, ನುಣುಪು ಮಾಡುವುದು

ಗರಗಸ ಚೆನ್ನಾಗಿ ಹೋಗಿದ್ದರೆ ಅರಕ್ಕೆ ಉಳಿಯುವುದು 0.2 ಮಿ.ಮೀ. ಮಾತ್ರ. ಅರ ಕೊಯ್ಯುವುದು ಮುಂದೆ ತಳ್ಳುವಾಗ. ಹಿಂದಕ್ಕೆ ಎಳೆಯುವಾಗ ಎತ್ತಿ. ಅರಕ್ಕೆ ಸೀಮೆಸುಣ್ಣ ಉಜ್ಜಿಕೊಂಡರೆ ಹಿತ್ತಾಳೆಯ ಚೂರು ಹಲ್ಲಿನ ನಡುವೆ ಸಿಕ್ಕಿ ಗೀರು ಎಳೆಯುವುದು ತಪ್ಪುತ್ತದೆ. ಅರ ಹಾಕುವಾಗಲೂ ತುಣುಕು ಪಿನ್ನಿನ ಮೇಲೆ ಮಲಗಿರಲಿ, ಅರ ತಾಗುವ ಜಾಗದ ಹತ್ತಿರವೇ ಬೆರಳು ಒತ್ತಿರಲಿ.

ಹಿಂಬದಿಯ ಸಿಬಿರು ತೆಗೆದು, ಗಾಜಿನ ಮೇಲೆ ಉಪ್ಪುಕಾಗದ ಹಾಸಿ ತುಣುಕನ್ನು ಮುಖ ಕೆಳಗಾಗಿ ಒಂದೇ ದಿಕ್ಕಿಗೆ ಎಳೆಯಿರಿ: 400, 600, 800. ನನಗೆ ಇಲ್ಲಿಗೆ ನಿಲ್ಲಿಸುವುದೇ ಇಷ್ಟ, ಎಳೆಎಳೆಯ ಮಂದ ಹೊಳಪು ಮರಕ್ಕೆ ಒಪ್ಪುತ್ತದೆ. ಕನ್ನಡಿ ಹೊಳಪು ಬೇಕೆಂದು ಯಂತ್ರದ ಬಟ್ಟೆ ಚಕ್ರಕ್ಕೆ ಬಳ್ಳಿಯನ್ನು ಒಡ್ಡಿದರೆ ಚಕ್ರ ಅದನ್ನು ಕಸಿದು ಎಸೆಯುತ್ತದೆ. ಕೈಯಲ್ಲೇ ಉಜ್ಜಿ, ತುಣುಕನ್ನು ಹಲಗೆಗೆ ಟೇಪ್‌ನಿಂದ ಅಂಟಿಸಿಕೊಂಡು.

ಅಮೋನಿಯಾ ಇರುವ ಶುಚಿಕಾರಕ ಹಿತ್ತಾಳೆಗೆ ಬೇಡ. ಬಾಗಿಸಿ ತಟ್ಟಿ ಒತ್ತಡ ಉಳಿದ ಜಾಗಗಳಲ್ಲಿ ಅದು ಕಾಲಕ್ರಮೇಣ ಬಿರುಕು ತರುತ್ತದೆ. ಈ ಕೆಲಸವೆಲ್ಲ ಮರದಿಂದ ದೂರದಲ್ಲೇ ಮುಗಿಸಿ. ಮರದ ಮೇಲೆ ಕೂರಿಸಿದ ಮೇಲೆ ಉಜ್ಜಿದರೆ ಹಿತ್ತಾಳೆಯ ಪುಡಿ ತಿಳಿಬಣ್ಣದ ಮರದ ರಂಧ್ರಗಳಿಗೆ ಇಳಿದು ಬೂದು ಕಲೆಯಾಗುತ್ತದೆ, ಅದನ್ನು ತೆಗೆಯಲು ಮರವನ್ನೇ ಕೆರೆಯಬೇಕು.

ಮೆರುಗು ಉಳಿಯಬೇಕಾದರೆ ಅಸಿಟೋನ್‌ನಲ್ಲಿ ತೊಳೆದು, ಬರಿಗೈ ಮುಟ್ಟಿಸದೆ, ಅಂದೇ ತೆಳುವಾಗಿ ಲ್ಯಾಕರ್ (ಪಾರದರ್ಶಕ ಮೆರುಗು ಲೇಪ) ಹೊಡೆಯಿರಿ. ಬೆರಳ ಗುರುತು ಈಗ ಕಾಣದಿದ್ದರೂ ಲ್ಯಾಕರಿನ ಅಡಿಯಲ್ಲಿ ಕೆಲವು ವಾರಕ್ಕೆ ಕಂದಾಗಿ ಏಳುತ್ತದೆ. ಗಾಳಿ ತೇವವಾಗಿರುವ ದಿನ ಲ್ಯಾಕರ್ ಬೇಡ, ಮಂಜು ಕವಿದಂತೆ ಬೆಳ್ಳಗಾಗುತ್ತದೆ.

## ಹಂತ 9: ಮರಕ್ಕೆ ಕೂರಿಸುವುದು

ಮರ ಹವಾಮಾನಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಅದೂ ಎಳೆಗೆ ಅಡ್ಡಲಾಗಿ. 200 ಮಿ.ಮೀ. ಅಗಲದ ಇಡೀ ಮರದ ಹಲಗೆ ಒಣಹವೆಗೂ ತೇವದ ಹವೆಗೂ ನಡುವೆ 2 ಮಿ.ಮೀ.ವರೆಗೆ ಸರಿಯಬಹುದು. ಅಷ್ಟೇ ಉದ್ದದ ಹಿತ್ತಾಳೆ 20 ಡಿಗ್ರಿ ಬಿಸಿಲೇರಿದರೂ 0.1 ಮಿ.ಮೀ. ಕೂಡ ಹಿಗ್ಗುವುದಿಲ್ಲ. ಉಂಗುರವನ್ನು ಸುತ್ತಲೂ ಬಿಗಿಯಾಗಿ ಮೊಳೆ ಹೊಡೆದು ಕೂರಿಸಿದರೆ ಒಂದು ದಿನ ಅದು ಉಬ್ಬುತ್ತದೆ ಅಥವಾ ಮರ ಸೀಳುತ್ತದೆ. ಎಳೆಯ ದಿಕ್ಕಿನಲ್ಲಿ ಉಂಗುರದ ನಡುಗೆರೆಯ ಮೇಲಿರುವ ಎರಡು ತೂತು ಬಿಗಿ ಇರಲಿ, ಉಳಿದವನ್ನು ಎಳೆಗೆ ಅಡ್ಡ ದಿಕ್ಕಿನಲ್ಲಿ ಅರದಿಂದ ಉದ್ದ ಮಾಡಿ, ದುಂಡುತಲೆಯ ಸ್ಕ್ರೂವನ್ನು ತಗಡು ಸರಿಯುವಷ್ಟು ಮಾತ್ರ ಬಿಗಿಯಿರಿ. ಪ್ಲೈವುಡ್ ಮುಖವಾದರೆ ಈ ಚಿಂತೆ ಬಹಳಷ್ಟು ಇಲ್ಲ. ಚಿಕ್ಕ ತುಣುಕುಗಳಿಗೆ ಎಪಾಕ್ಸಿ ಅಂಟು ಸಾಕು, ಹಿಂಬದಿ ಒರಟಾಗಿರಲಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂಟು ಹಾಕಿದರೆ ಅದರ ಆಮ್ಲಕ್ಕೆ ಹಿತ್ತಾಳೆ ಹಸಿರಾಗುತ್ತದೆ.

ಹಿತ್ತಾಳೆ ಸ್ಕ್ರೂ ಮೆದು, ಗಟ್ಟಿಮರದಲ್ಲಿ ಕುತ್ತಿಗೆ ಮುರಿದುಕೊಳ್ಳುತ್ತದೆ. ಮೊದಲು ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆದು ದಾರಿ ಮಾಡಿ, ಆಮೇಲೆ ಹಿತ್ತಾಳೆಯದನ್ನು ಮೇಣ ಸವರಿ ತಿರುಗಿಸಿ.

ಕೊನೆಗೆ ಮುಳ್ಳುಗಳು. ಮರದ ಮೇಲೆ 1 ಮಿ.ಮೀ. ಹಿತ್ತಾಳೆ, ಅದರ ಮೇಲೆ ಸ್ಕ್ರೂ ತಲೆ ಸೇರಿದರೆ ಗಂಟೆ ಮುಳ್ಳಿಗೆ ಜಾಗ ಸಾಲದೆ ಹೋಗಬಹುದು, ಏಕೆಂದರೆ ತಗಡಿಗೆ ಅತಿ ಹತ್ತಿರ ತಿರುಗುವುದು ಅದೇ. ಯಂತ್ರದ ದಂಡದ ಉದ್ದವನ್ನು ಮರದ ದಪ್ಪಕ್ಕೆ ಮಾತ್ರ ಲೆಕ್ಕ ಹಾಕಿ ಕೊಂಡಿದ್ದರೆ ನಟ್ ಹಿಡಿಯಲು ತಿರುಪೇ ಉಳಿಯುವುದಿಲ್ಲ. ಗೋಡೆಗೆ ಹಾಕುವ ಮೊದಲು ನಿಮಿಷದ ಮುಳ್ಳನ್ನು ಬೆರಳಿನಿಂದ ಹನ್ನೆರಡು ಸುತ್ತು ತಿರುಗಿಸಿ, ಪ್ರತಿ ಸ್ಕ್ರೂ ತಲೆಯ ಮೇಲೆ ಎರಡೂ ಮುಳ್ಳು ದಾಟುವಾಗ ಪಕ್ಕದಿಂದ ಕಣ್ಣಿಟ್ಟು ನೋಡಿ. ನಡುವೆ ಒಂದು ಕಾಗದದ ಚೂರು ಅಡೆತಡೆಯಿಲ್ಲದೆ ಸರಿದರೆ ಬ್ಯಾಟರಿ ಹಾಕಬಹುದು.